ಗಂಗವ್ವ ಕಾಯ್ದ ಎಲ್ಲವ್ವ

ದೇವರನ್ನು ಬೈಯುತ್ತ ಪೂಜೆ ಮಾಡುವ ಹೆಂಗಸನ್ನು ನಾನು ಮೊದಲು ನೋಡಿದ್ದು ಮರಾಠಿ ಸೀಮೆಯ ವಿಠ್ಠಲವಾಡಿಯಲ್ಲಿ. ನಮ್ಮ ಬಿಲ್ಡಿಂಗಿನ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ತಗಡಿನ ಸೂರಿನ ಸಣ್ಣ ಗುಡಿಯೊಂದಿತ್ತು. ಒಳಗೆ ಮೊಳದುದ್ದದ ಹಿತ್ತಾಳೆಯ ಎಲ್ಲವ್ವ. ಬೆಳಗಾದರೆ ಗಂಗವ್ವನ ದನಿ ನಮ್ಮ ಅಡುಗೆಮನೆಯ ಕಿಟಕಿಯವರೆಗೂ ಬರುತ್ತಿತ್ತು. "ಏಳವಾ ತಾಯಿ, ನಿನಗರ ಕೆಲಸಿಲ್ಲ, ನನಗ ಮಂದಿ ಮನಿ ಮುಸುರಿ ಭಾಂಡಿ ಕಾಯಾಕತ್ಯಾವು" ಎಂದು ಗದರುತ್ತಲೇ ಹುಣಸೆಹಣ್ಣು ಹಚ್ಚಿ ಮೂರ್ತಿಯನ್ನು ಉಜ್ಜುತ್ತಿದ್ದಳು.

ವಿಜಯಪುರದ ಕಡೆಯಿಂದ ಕೂಲಿಗೆ ಬಂದ ಅವಳ ಅತ್ತೆ ಆ ಮೂರ್ತಿಯನ್ನು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದಂತೆ. ಚಾಳಿನಲ್ಲಿ ಯಾರ ಮಗುವಿಗೆ ಜ್ವರ ಬಂದರೂ, ಯಾರ ಮಗಳಿಗೆ ಗಂಡು ಗೊತ್ತಾದರೂ ಮೊದಲು ಅಲ್ಲಿಗೇ ಬರುತ್ತಿದ್ದರು. ಮೈಸೂರಿನ ನನ್ನ ಕನ್ನಡ ಕೇಳಿದರೆ ಗಂಗವ್ವನಿಗೆ ನಗು. "ಅಕ್ಕಾರ, ನೀವು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗತದ" ಎನ್ನುವಳು.

ಒಂದು ಬೆಳಿಗ್ಗೆ ಗದರುವ ದನಿಯ ಬದಲು ಚೀರುವ ದನಿ ಕೇಳಿತು. ಗುಡಿಯ ಬೀಗ ಹಾಗೇ ಇತ್ತು. ಯಾರೋ ಮೇಲಿನ ತಗಡು ಸರಿಸಿ ಇಳಿದಿದ್ದರು. ಕಟ್ಟೆಯ ಮೇಲೆ ಕುಂಕುಮ ಮಾತ್ರ ಉಳಿದಿತ್ತು.

ಯಾವ ತಗಡು ಸಡಿಲವೆಂದು ಮನೆಯವರಿಗಲ್ಲದೆ ಯಾರಿಗೆ ಗೊತ್ತು ಎಂದಿತು ಚಾಳು. ಎಲ್ಲರ ಕಣ್ಣೂ ಗಂಗವ್ವನ ಒಬ್ಬನೇ ಮಗ ಮಲ್ಲೇಶಿಯ ಮೇಲೆ. ಅವನು ಕುಡಿಯುತ್ತಿದ್ದ, ಒಂದು ಕಡೆ ಕೆಲಸಕ್ಕೆ ನಿಲ್ಲುತ್ತಿರಲಿಲ್ಲ; ಅಷ್ಟು ಸಾಕಾಯಿತು. ಜನರ ಮಾತನ್ನು ಅವನು ಹೇಗೋ ತಡೆದುಕೊಂಡ. ಆದರೆ ಒಂದು ದಿನ ಗಂಗವ್ವನೇ ಎಲ್ಲರೆದುರು ಅವನ ಕೈಹಿಡಿದೆಳೆದು ಬರಿದಾದ ಕಟ್ಟೆಯ ಮೇಲಿಟ್ಟಳು. "ಮುಟ್ಟಿ ಹೇಳು, ನೀ ಮಾರಿಲ್ಲಂತ."

ಮಲ್ಲೇಶಿ ಕೈ ಕಿತ್ತುಕೊಂಡ. "ನೀನೂ ಕೇಳಿದಿ ಅಲ್ಲಬೇ ಯವ್ವಾ?" ಎಂದ. ಆ ಸಂಜೆಯೇ ಮನೆ ಬಿಟ್ಟ.

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದಾನೆಂದು ಸುದ್ದಿ ಬಂತು. ಗಂಗವ್ವ ಹೋಗಲಿಲ್ಲ. "ತಪ್ಪು ಮಾಡಿದವ ತಾನ ಬರ್ತಾನ" ಎನ್ನುತ್ತಿದ್ದಳು. ಆಮೇಲೆ ಬಂದದ್ದು ಇನ್ನೊಂದು ಸುದ್ದಿ. ಕಾಮಾಲೆ ಏರಿ ಮಲ್ಲೇಶಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ಮರುವರ್ಷ ಪೊಲೀಸರು ಗುಡಿಗಳನ್ನು ದೋಚುತ್ತಿದ್ದ ಗುಂಪೊಂದನ್ನು ಹಿಡಿದರು. ಅವರ ಗೋದಾಮಿನಲ್ಲಿ ಗಂಟೆ, ದೀಪದ ಕಂಬಗಳ ನಡುವೆ ನಮ್ಮ ಎಲ್ಲವ್ವನೂ ಇದ್ದಳು. ಮಲ್ಲೇಶಿಗೂ ಅವರಿಗೂ ಗುರುತೇ ಇರಲಿಲ್ಲ.

ಕೋರ್ಟಿನ ಅಪ್ಪಣೆ ಸಿಕ್ಕ ಮೇಲೆ ಮೂರ್ತಿಯನ್ನು ಟೆಂಪೋದಲ್ಲಿ ಕರೆತಂದರು. ಚೌಡಕಿ ನುಡಿಸಿದರು, ಅರಿಶಿನದ ಭಂಡಾರ ಎರಚಿದರು, ಚಾಳೆಲ್ಲ "ಉಧೋ ಉಧೋ" ಎಂದು ಕೂಗಿತು. ಮೊದಲ ಪೂಜೆ ಗಂಗವ್ವನದೇ ಎಂದು ಹಿರಿಯರು ಕರೆದರು. ಅವಳು ಹೊಸ್ತಿಲ ಹೊರಗೇ ನಿಂತಿದ್ದಳು.

"ತಾಯಿ ಬಂದ್ಲಲ್ಲ ಗಂಗವ್ವಾ, ಇನ್ಯಾಕ ಅಳ್ತಿ?" ಎಂದರೊಬ್ಬರು.

"ಆಕಿನ್ನ ಪೊಲೀಸರು ಕರ್ಕೊಂಡ್ ಬಂದ್ರು. ನನ್ನ ಮಗನ್ನ ಯಾರು ಕರ್ಕೊಂಡ್ ಬರ್ತೀರಿ?"

ಚೌಡಕಿ ನಿಂತುಹೋಯಿತು. ಗಂಗವ್ವ ಗುಡಿಯ ಕೀಲಿಯನ್ನು ಹೊಸ್ತಿಲ ಮೇಲಿಟ್ಟು ಹೊರಟಳು. ಕಳಂಬೋಲಿಗೆ ಹೋಗಿ, ಮಗನಿದ್ದ ಓಣಿಯಲ್ಲೇ ಬಾಡಿಗೆಗೆ ಖೋಲಿ ಹಿಡಿದು, ಹಮಾಲರಿಗೆ ಜೋಳದ ರೊಟ್ಟಿ ಮಾಡಿಕೊಡತೊಡಗಿದಳು.

ಅಷ್ಟರಲ್ಲಿ ನಾವು ಕೋಪರಖೈರಣೆಗೆ ಮನೆ ಬದಲಿಸಿದ್ದೆವು. ಅವಳು ತೀರಿಕೊಂಡ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನೋಡಲು ಹೋಗಿದ್ದೆ, ಅದೇ ಕೊನೆ. ತುಂಬಾ ಇಳಿದುಹೋಗಿದ್ದಳು. ರೊಟ್ಟಿಗೆಂದು ಬಂದ ರಾಯಚೂರಿನ ಹಮಾಲನೊಬ್ಬನನ್ನು ನನ್ನೆದುರು ನಿಲ್ಲಿಸಿದಳು. ಮಲ್ಲೇಶಿಯ ಜೊತೆ ಒಂದೇ ಖೋಲಿಯಲ್ಲಿದ್ದವನು.

"ಸಾಬಣ್ಣಾ, ಅವ ಏನಂತಿದ್ದ, ಅಕ್ಕಾರಿಗೆ ಹೇಳು."

ಸಾಬಣ್ಣ ಸಂಕೋಚದಿಂದ ತಲೆ ಕೆರೆದುಕೊಂಡ. "ಕೆಲಸಕ್ಕ ಸೂಟಿ ಇದ್ದ ದಿನ ಗುಜರಿ ಅಂಗಡಿ ಅಂಗಡಿ ತಿರುಗ್ತಿದ್ದ ರೀ. ಹಿತ್ತಾಳಿ ಸಾಮಾನೆಲ್ಲಾ ಸರಸಿ ನೋಡವ. ನಮ್ಮವ್ವನ ಎಲ್ಲವ್ವ ಸಿಗಲಿ, ಅವತ್ತ ಎತ್ಕೊಂಡು ಮನಿಗೆ ಹೋಗ್ತೀನಿ ಅಂತಿದ್ದ."

ಗಂಗವ್ವ ಹಿಟ್ಟಿನ ಕೈಯಲ್ಲೇ ಅವನ ತೋಳು ಹಿಡಿದಳು.

"ಇನ್ನೊಮ್ಮೆ ಹೇಳಪಾ" ಎಂದಳು.

ಅವನು ನನ್ನ ಮುಖ ನೋಡಿದ. ಆಮೇಲೆ ಮೊದಲಿನಿಂದ ಹೇಳಿದ.