ಸೊಂಟದ ಅಳತೆ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಹುಣಸೆಬೀಜದಷ್ಟು ಜಡ್ಡು ಬೆಳೆದಿತ್ತು. ಚಾಮರಾಜಪೇಟೆಯ ನಮ್ಮ ರಸ್ತೆಯ ತಿರುವಿನಲ್ಲಿ ಅವರ ಟೈಲರ್ ಅಂಗಡಿ. ಮೂವತ್ತು ವರ್ಷ ನನ್ನ ಬಟ್ಟೆ ಹೊಲಿದರು. "ಅರ್ಜೆಂಟ್ ಅಂದ್ರೆ ಬೇರೆ ಕಡೆ ಹೋಗಿ" ಎನ್ನುವರು. ಗುರುವಾರ ಎಂದರೆ ಗುರುವಾರವೇ ಕೊಡುವರು. ಆ ಗುಣ ನನಗೆ ಮೆಚ್ಚುಗೆ.

ನಾನು ಮೇಷ್ಟ್ರಾಗಿದ್ದವನು, ಗಡಿಯಾರ ನೋಡಿ ಬದುಕಿದವನು. ಹೆಂಡತಿ ತೀರಿಕೊಂಡ ಮೇಲೆ ಸಕ್ಕರೆ ಕಾಯಿಲೆಯನ್ನೂ ಶಿಸ್ತಿನಿಂದ ನಿಭಾಯಿಸುತ್ತಿದ್ದೇನೆಂದು ನಂಬಿದ್ದೆ. ರಕ್ತಪರೀಕ್ಷೆಗೆ ತಿಂಗಳಿದೆ ಎನ್ನುವಾಗ ರಾತ್ರಿಯೂಟ ಬಿಟ್ಟು ಎರಡು ಹೊತ್ತು ನಡೆಯುತ್ತಿದ್ದೆ. ವರದಿ ಚೆನ್ನಾಗಿ ಬಂದ ದಿನದಿಂದ ಮತ್ತೆ ಹೋಟೆಲು. ದೋಸೆಯ ಆಸೆ ಸ್ವಲ್ಪ. ಪಕ್ಕದ ಮೇಜಿನವರ ಮಾತು ಕಿವಿಗೆ ಬೀಳಲಿ ಎಂಬ ಆಸೆಯೇ ಹೆಚ್ಚು.

ಒಮ್ಮೆ ಪ್ಯಾಂಟ್ ತೆಗೆದುಕೊಂಡು ಅವರ ಮುಂದೆ ಹೆಮ್ಮೆಯಿಂದ ನಿಂತೆ. "ಎಷ್ಟು ಸಡಿಲ ಆಗಿದೆ ನೋಡಿ. ಸೊಂಟ ಹಿಡಿದು ಕೊಡಿ."

ಅವರು ಅದನ್ನು ಒಳಮಗ್ಗುಲಿಗೆ ತಿರುಗಿಸಿ ಬೆಳಕಿಗೆ ಹಿಡಿದರು. ಹಿಂಬದಿಯ ಹೊಲಿಗೆಯ ಪಕ್ಕ ಸೂಜಿಯ ತೂತುಗಳು ಸಾಲುಸಾಲಾಗಿದ್ದವು.

"ಸಂಕ್ರಾಂತಿಗೆ ಹಿಡಿದೆ, ಯುಗಾದಿಗೆ ಬಿಚ್ಚಿದೆ. ಗೌರಿ ಹಬ್ಬಕ್ಕೆ ಹಿಡಿದೆ, ದೀಪಾವಳಿಗೆ ಬಿಚ್ಚಿದೆ. ಬಟ್ಟೆನೇ ಜರಡಿ ಆಗೋಗಿದೆ ಮೇಷ್ಟ್ರೇ. ಮೈ ಏನಾಗಿರ್ಬೇಕು?"

"ರಿಪೋರ್ಟ್ ಚೆನ್ನಾಗೇ ಇದೆಯಲ್ರೀ."

"ಪರೀಕ್ಷೆ ಬಂದಾಗ ಮಾತ್ರ ಓದೋರ ಕಿವಿ ಹಿಂಡ್ತಿದ್ರಂತೆ ನೀವು. ಈಗ ನಿಮ್ಮ ಕಿವಿ ಯಾರು ಹಿಂಡ್ಬೇಕು? ಇದನ್ನ ನಾನು ಮುಟ್ಟಲ್ಲ. ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡ್ ಬನ್ನಿ."

"ಪ್ಯಾಂಟನ್ನಾ?"

"ಹೂಂ, ಪ್ಯಾಂಟನ್ನೇ."

ಕೋಪ ಬಂತು. ಎರಡು ದಿನ ಬಿಟ್ಟು ಅದನ್ನೇ ಚೀಲದಲ್ಲಿಟ್ಟುಕೊಂಡು ಹೋದೆ. ಡಾಕ್ಟರು ನಗಲಿಲ್ಲ. ತೂಕ ಹೀಗೆ ಮೇಲೆ ಕೆಳಗೆ ಆಗುತ್ತಿದ್ದರೆ ಸಕ್ಕರೆ ಕಾಯಿಲೆಯವರ ಹೃದಯಕ್ಕೂ ಕಿಡ್ನಿಗೂ ಅಪಾಯ ಹೆಚ್ಚು ಎಂದರು. ಬೇರೆ ಪರೀಕ್ಷೆ ಮಾಡಿಸಿದರು. ಕಿಡ್ನಿಗೆ ಆಗಲೇ ಪೆಟ್ಟು ಬೀಳತೊಡಗಿತ್ತು. ದಿನವೂ ಹೊತ್ತಿಗೆ ಸರಿಯಾಗಿ, ಒಂದೇ ಸಮ ಉಣ್ಣುವುದನ್ನು ಎಪ್ಪತ್ತು ದಾಟಿದ ಮೇಲೆ ಕಲಿತೆ. ಆಮೇಲೆ ಹೊಲಿಸುವುದು ಇಲ್ಲದಿದ್ದರೂ ತಿಂಗಳಿಗೊಮ್ಮೆ ಅವರು ನನ್ನನ್ನು ಕರೆದು ಟೇಪು ಸುತ್ತುತ್ತಿದ್ದರು. "ಅಳತೆ ಹಾಗೇ ನಿಂತಿದೆ, ಹೋಗಿ" ಎನ್ನುವರು. ಆ ತಿಂಗಳಲ್ಲಿ ನನ್ನ ಮೈ ಮುಟ್ಟಿದ ಕೈ ಅದೊಂದೇ ಆಗಿರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂಗಡಿ ಖಾಲಿಯಾಯಿತು.

ಮೊನ್ನೆ ಗಾಂಧಿಬಜಾರಿನಲ್ಲಿ ಒಂದು ರೆಡಿಮೇಡ್ ಅಂಗಡಿಗೆ ಹೋದೆ. "ಸೊಂಟ ಎಷ್ಟು ಅಂಕಲ್?" ಎಂದಳು ಅಲ್ಲಿನ ಹೆಂಗಸು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅದನ್ನು ಅವರೇ ನೋಡಿಕೊಂಡಿದ್ದರು. "ತಗೊಳ್ಳಿ, ನೀವೇ ನೋಡ್ಕೊಳ್ಳಿ" ಎಂದು ಟೇಪು ಕೈಗಿತ್ತಳು. ಸುತ್ತಿಕೊಂಡೆ. ಹಿಂದೆ, ಬೆನ್ನಿನ ಕಡೆ, ಅದು ನೇರವಾಗಿ ಕೂತಿದೆಯೋ ಜಾರಿದೆಯೋ ನನಗೆ ಕಾಣಿಸಲಿಲ್ಲ.