ಸುಧಾಕರನ ಎರಡನೇ ಉಂಗುರ

ಮುಲುಂಡಿನ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಮೊನ್ನೆ ಕಾಲೇಜು ಹುಡುಗಿಯರು ಆಟಕ್ಕೆ ಕೂತಿದ್ದರು. ಇಪ್ಪತ್ತು ಮುಖದ ದಾಳ ಮೇಜಿನ ಮೇಲೆ ಉರುಳುವ ಸದ್ದು ಕಿವಿಗೆ ಬಿದ್ದದ್ದೇ, ಇವರಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ ಅನಿಸಿತು. ಏನು ಮಾಡಲಿ, ನನ್ನ ಸ್ವಭಾವವೇ ಹಾಗೆ. ಹಾಲಿನವನು ನಕ್ಕರೆ ಪಾತ್ರೆಯೊಳಗೆ ಇಣುಕಿ ನೋಡುವವನು ನಾನು.

ಒಂದು ಕಾಲಕ್ಕೆ ನಾವು ನಾಲ್ವರು ಗೆಳೆಯರು ಈ ಆಟದ ಹುಚ್ಚಿಗೆ ಬಿದ್ದಿದ್ದೆವು. ಮೂವರಿಗೆ ಒಬ್ಬೊಬ್ಬ ವೀರ. ಅವನ ಆಯುಧ, ಕವಚ ಎಲ್ಲ ಒಂದು ಹಾಳೆಯಲ್ಲಿ. ರಾಕ್ಷಸರನ್ನು ಛೂ ಬಿಡುವುದು ನನ್ನ ಪಾಲಿನ ಕೆಲಸ. ನನ್ನ ದಾಳ ವೀರನ ರಕ್ಷಣೆಯ ಸಂಖ್ಯೆಯನ್ನು ಮುಟ್ಟಿದರೆ ಅವನಿಗೆ ಪೆಟ್ಟು. ಆ ಸಂಖ್ಯೆಗೆ ಕವಚದ ಜೊತೆ ಗುರಾಣಿ ಕೂಡುತ್ತದೆ, ಅದಕ್ಕೆ ಮಂತ್ರದ ಉಂಗುರವೂ ಕೂಡುತ್ತದೆ. ಒಂದೇ ಜಾತಿಯ ಎರಡು ಮಾತ್ರ ಕೂಡುವುದಿಲ್ಲ. ರೇನ್‌ಕೋಟಿನ ಮೇಲೆ ಕೊಡೆ ಹಿಡಿಯಬಹುದು, ಎರಡು ಕೊಡೆ ಹಿಡಿದು ಏನು ಪ್ರಯೋಜನ ಹೇಳಿ. ಎರಡು ಉಂಗುರವಿದ್ದರೆ ದೊಡ್ಡದಷ್ಟೇ ಲೆಕ್ಕಕ್ಕೆ.

ಸುಧಾಕರ ದಾದರಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಲೋಕಲ್ ಹಿಡಿದು ಬರುತ್ತಿದ್ದ. ಈ ಊರಿನಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವನೊಬ್ಬನ ಹತ್ತಿರ. ಆದರೆ ಅವನ ವೀರನಿಗೆ ನನ್ನ ರಾಕ್ಷಸರ ಪೆಟ್ಟು ತಗಲುತ್ತಲೇ ಇರಲಿಲ್ಲ. ಮೂರು ವಾರ ತಡೆದುಕೊಂಡೆ. ಒಂದು ದಿನ ಅವನು ಕೈ ತೊಳೆಯಲು ಎದ್ದಾಗ ಅವನ ಹಾಳೆಯನ್ನು ತಿರುಗಿಸಿ ನೋಡಿದೆ. ಎರಡು ಉಂಗುರ ಬರೆದಿದ್ದ. ಮೊತ್ತ ಕೂಡಿಸಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ಅವನು ಬಂದು ಕೂರುವ ಮೊದಲೇ, ಉಳಿದಿಬ್ಬರ ಎದುರಿಗೇ ಹೇಳಿಬಿಟ್ಟೆ: "ಎರಡೂ ಕೂಡಿಸಿದ್ದಿಯಲ್ಲ ಮಾರಾಯ. ಹೋಟೆಲಿನ ಲೆಕ್ಕದಲ್ಲೂ ಹೀಗೇ ಮಾಡುದಾ?"

"ನೀನೇ ಕೂಡಿಸಿ ನೋಡು" ಎಂದ ಸುಧಾಕರ.

ಕೂಡಿಸಿದೆ. ಚಿಕ್ಕ ಉಂಗುರವನ್ನು ಅವನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಇಷ್ಟು ದಿನ ಕೈಕೊಟ್ಟದ್ದು ನನ್ನ ದಾಳವೇ.

"ಅದು ಕೂಡುದಿಲ್ಲ ಅಂತ ನಂಗೂ ಗೊತ್ತುಂಟು. ನನ್ನ ಬರ್ತ್‌ಡೇ ಅಂತ ಆಟದಲ್ಲಿ ನೀನೇ ಕೊಟ್ಟದ್ದಲ್ವಾ, ತೆಗ್ದು ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ."

ನನಗೆ ಅದು ಮರೆತೇಹೋಗಿತ್ತು. ತಪ್ಪಾಯಿತು ಅನ್ನುವುದು ಬಿಟ್ಟು, ದಾಳ ಎತ್ತಿಕೊಂಡು "ಸರಿ, ಈಗ ಯಾರ ಸರದಿ?" ಎಂದೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬೇರೆ ಕಡೆ ಗೆಳೆಯರು ಸಿಕ್ಕಿರಬೇಕು, ನನ್ನ ಮಾತು ಬರೀ ನೆಪ ಎಂದು ಅದಕ್ಕೂ ಅನುಮಾನಪಟ್ಟೆ. ಹಾಗೇ ಆರು ವರ್ಷ ಕಳೆಯಿತು.

ಮೊನ್ನೆ ಆ ಹುಡುಗಿಯರ ನಗು ಕೇಳುತ್ತ ತಡೆಯಲಾಗದೆ ಅವನಿಗೆ ಫೋನ್ ಮಾಡಿದೆ.

"ಎಂತ ವಿಷಯ?" ಎಂದ.

"ವಿಷಯ ಎಂತದೂ ಇಲ್ಲ. ಅವತ್ತು ನಿನ್ನ ಹಾಳೆ ಕದ್ದು ನೋಡಿದ್ದು, ಹಾಗೆ ಮಾತಾಡಿದ್ದು, ಎರಡೂ ನನ್ನದೇ ತಪ್ಪು. ಭಾನುವಾರ ಮನೆಗೆ ಬಾ."

ಸುಧಾಕರ ಕೇಳಿದ: "ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಹೇಳ್ತಿದ್ದಿ? ನಿಜ ಹೇಳು, ನನ್ನಿಂದ ಎಂತದೋ ಕೆಲಸ ಆಗ್ಬೇಕಲ್ವಾ ನಿಂಗೆ?"

ಹಿಂದೆ ಅವನು ಯಾರನ್ನೂ ಹೀಗೆ ಕೇಳುತ್ತಿರಲಿಲ್ಲ. ಅವನಿಗೆ ಅದನ್ನು ಕಲಿಸಿದವನು ನಾನು.