ಗವರ್ನರರ ಬಕೆಟ್ಟು

ಬೆಳಕು ಹರಿಯುವ ಮುಂಚೆ ಸಿಗ್ನೆ ಒಲೆಯ ಬೂದಿ ತೆಗೆದು ಬೆಂಕಿ ಮಾಡಬೇಕು, ಪಂಪಿನ ಬಾಯಿಗೆ ಕಟ್ಟಿದ ಹಿಮವನ್ನು ಬಿಸಿನೀರು ಹೊಯ್ದು ಬಿಡಿಸಬೇಕು, ಕಾಫಿ ಕಾಯಿಸಬೇಕು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಬೇಕು, ಹನ್ನೊಂದು ಹಸು ಕರೆಯಬೇಕು. ಮದುವೆಯಾದ ಇಪ್ಪತ್ತೆರಡು ವರ್ಷವೂ ಇದೇ.

ಆ ಇಪ್ಪತ್ತೆರಡು ವರ್ಷದಲ್ಲಿ ಗಂಡ ಟೊರ್ಕೆಲ್ ವಕೀಲನಾದ, ಶಾಸನಸಭೆಗೆ ಹೋದ, ಈ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಗವರ್ನರ್ ಚುನಾವಣೆಯನ್ನೂ ಗೆದ್ದ. ಏಳು ವರ್ಷದವನಿದ್ದಾಗ ವಿಧವೆ ತಾಯಿಯ ಲಂಗ ಹಿಡಿದು ನಾರ್ವೆಯಿಂದ ಹಡಗಿನಲ್ಲಿ ಬಂದವನು. ಶಾಲೆಯಲ್ಲಿ ಎಲ್ಲರೂ ಅವನ ಮಾತನ್ನು ಅಣಕಿಸುತ್ತಿದ್ದರು. ಅದೇ ಮಾತಿನಲ್ಲಿ ಊರೂರು ಸುತ್ತಿ, "ದಿನಾ ಹಸು ಕರೆದೇ ಕೋರ್ಟಿಗೆ ಹೋಗುವವನು ನಾನು" ಎಂದು ರೈತರ ಓಟು ಬಾಚಿಕೊಂಡ. ಹೆಂಗಸರಿಗೆ ಓಟಿಲ್ಲದ ಕಾಲ; ಸಿಗ್ನೆಗೂ ಓಟಿರಲಿಲ್ಲ.

ಒಂದು ಸಂಜೆ ಟೊರ್ಕೆಲ್‌ನ ಚಿಕ್ಕಪ್ಪನ ಮಗ, ಪಕ್ಷದ ಕಾರ್ಯದರ್ಶಿ ಆಮುಂಡ್, ಥಳಥಳಿಸುವ ಹೊಸ ಬಕೆಟ್ಟು ತಂದು ಅಡುಗೆಮನೆಯಲ್ಲಿಟ್ಟ.

"ನಾಳೆ ಎಂಟಕ್ಕೆ ಪತ್ರಿಕೆಯವ್ರು ಬರ್ತಾರೆ ಅತ್ತಿಗೆ. ಅಣ್ಣ ಹಾಲು ಕರೀತಿರೋ ಫೋಟೊ ಬೇಕಂತೆ."

"ಯಾವ ಹಸುವೂ ನಿಮ್ಮಣ್ಣನ ಕೈಗೆ ಸೊರ ಬಿಡಲ್ಲ. ಹೋದ್ಸಲ ದಾಗ್ರೋಸ್ ಒದ್ದು, ಅವರ ಕನ್ನಡಕ ಸಗಣಿಗೆ ಬಿತ್ತು."

"ಅದಕ್ಕೇ ಹೇಳೋದು. ನೀವು ಮೊದ್ಲೇ ಕರೆದು ಇದನ್ನ ತುಂಬಿಸಿಡಿ. ಅಣ್ಣ ಪಕ್ಕದಲ್ಲಿ ಕೂತ್ರೆ ಸಾಕು. ನೀವು ಮಾತ್ರ ಆ ಕಡೆ ಸುಳೀಬೇಡಿ."

"ಪ್ರಮಾಣವಚನಕ್ಕೂ ನಾನೇ ಮೊದ್ಲು ಹೋಗಿ ಬಂದಿರ್ಲಾ?"

ಒಲೆಯ ಬದಿಯಲ್ಲಿದ್ದ ಅತ್ತೆ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಮೇಜಿನ ಬಳಿ ಕೂತಿದ್ದ ಟೊರ್ಕೆಲ್ ಕಾಗದದಿಂದ ತಲೆಯೆತ್ತಲಿಲ್ಲ. "ಒಂದು ಬಕೆಟ್ಟು ಕಣೇ. ಅದ್ರಲ್ಲೇನಿದೆ?"

"ಏನೂ ಇಲ್ದಿದ್ರೆ ಖಾಲೀದೇ ಇಟ್ಕೊಳ್ಳಿ."

"ಖಾಲಿ ಕಂಡ್ರೆ, ಹೊರದೇಶದಿಂದ ಬಂದೋನು ಸುಳ್ಳ ಅಂತ ಬರೀತಾರೆ ಅತ್ತಿಗೆ," ಎಂದ ಆಮುಂಡ್. "ನಮ್ಮ ಜನಕ್ಕೇ ಅವಮಾನ."

ಆ ಮಾತು ಸಿಗ್ನೆಗೆ ಮುಳ್ಳಿನಂತೆ ಚುಚ್ಚಿತು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹತ್ತು ಹಸು ಮುಗಿಸಿ ದಾಗ್ರೋಸಳ ಹೊಟ್ಟೆಗೆ ಹಣೆಯೂರಿ ಕೂತಾಗಲೂ ಅದೇ ಮಾತು. ಸಿಗ್ನೆಯೂ ನಾರ್ವೆಯಿಂದ ಹಡಗಿನಲ್ಲೇ ಬಂದವಳು. ಅವಳ ಮಾತನ್ನೂ ಅಂಗಡಿಯವರು ಅಣಕಿಸಿದ್ದರು. ನಮ್ಮ ಜನ ಅನ್ನುವಾಗ ಆಮುಂಡ್ ಅವಳನ್ನು ಲೆಕ್ಕಕ್ಕೆ ಹಿಡಿದಿದ್ದನೋ ಇಲ್ಲವೋ.

ದಾಗ್ರೋಸ್ ಸೊರ ಬಿಟ್ಟಳು. ಹಳೆಯ ಬಕೆಟ್ಟು ನೊರೆಯೇರಿ ತುಂಬಿತು. ಸಿಗ್ನೆ ಅದನ್ನೆತ್ತಿ ಹೊಸದರ ಮೇಲೆ ಬಗ್ಗಿಸಹೊರಟವಳು ಹಾಗೇ ನಿಂತಳು. ಹೊರಗೆ ಡೇರಿಯ ಗಾಡಿಯ ಗೆಜ್ಜೆ ಕೇಳಿಸಿತು.

ಒಂದು ಹನಿ ಬಿಡದೆ ಡೇರಿಯ ಕ್ಯಾನಿಗೆ ಸುರಿದು ಮುಚ್ಚಳ ಗುದ್ದಿ ಕೂರಿಸಿದಳು. ಗವರ್ನರರ ಬಕೆಟ್ಟನ್ನು ಒರೆಸಿ, ಹಾಲು ಕರೆಯುವ ಮಣೆಯ ಪಕ್ಕ, ಒಳಗಿನ ತಳ ಚೆನ್ನಾಗಿ ಕಾಣುವಂತೆ ಬೆಳಕಿಗೆ ಇಟ್ಟಳು.